ಇಪ್ಪತ್ತೈದು ಜನರ ರಕ್ಷಣೆ

೧೯೮೭ರಲ್ಲಿ ವೇಶ್ಯಾವಾಟಿಕೆ ತಡೆ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂದಾಗಿನಿಂದ ಕಲಬುರಗಿಯ ಅಭಯ ರಕ್ಷಣಾ ಗೃಹದಲ್ಲಿ ಹನ್ನೆರಡು ಜನ ಸಿಬ್ಬಂದಿ ಸೇರಿ ಒಬ್ಬ ಹೆಣ್ಣುಮಗಳನ್ನು ರಕ್ಷಿಸುತ್ತಿದ್ದರು.

ಆಕೆ ಕಮಲಾಪುರದ ಹಣಮಮ್ಮ. ನೆಹರು ಗಂಜಿನ ಬೇಳೆ ಮಿಲ್ಲಿನಲ್ಲಿ ಕೆಲಸ ಕೊಡಿಸುತ್ತೇನೆಂದು ಕರೆತಂದವನು ಅವಳನ್ನು ಸ್ಟೇಶನ್ ಬಜಾರದ ಲಾಡ್ಜೊಂದಕ್ಕೆ ಮಾರಿದ್ದ. ಪೊಲೀಸರು ದಾಳಿ ಮಾಡಿ ಬಿಡಿಸಿದರು. ಹಿಂದಿನ ಕೋಣೆಗೆ ಬೀಗವಿದ್ದುದರಿಂದ ಅಲ್ಲಿದ್ದ ನಾಲ್ವರನ್ನು ಅಲ್ಲೇ ಬಿಟ್ಟು ಬಂದರು. ವಿಚಾರಣೆಗೆ ಮೂರು ವಾರ ಸಾಕು ಎಂದು ಹೇಳಿದ್ದರು. ಹದಿನಾಲ್ಕು ತಿಂಗಳಾಗಿತ್ತು.

"ನನ್ನ ಯಾವಾಗ ಬಿಡ್ತೀರಿ?" ಎಂದು ಅವಳು ಗುಮಾಸ್ತ ಅಂಬಣ್ಣನನ್ನು ಕೇಳಿದಳು.

"ನಿನ್ನ ಹಿಡದೇ ಇಲ್ಲಲ್ಲವ್ವಾ, ಬಿಡೂದೆಲ್ಲಿ? ಹಳೇ ಕಾಯ್ದೆದಾಗ ನೀ ಆರೋಪಿ. ಆರೋಪಿಗೆ ಜಾಮೀನು ಅದ. ಈಗ ನೀ ಬಾಧಿತಳು. ಬಾಧಿತರಿಗೆ ಜಾಮೀನು ಇಲ್ಲ."

"ನನ್ನ ಮಾರಿದಂವಗ್ರಿ?"

"ಅಂವಗ ಎರಡನೇ ದಿನಾನೇ ಸಿಕ್ತು. ಅಂವ ಆರೋಪಿ ಅಲ್ಲೇನು!"

ಹೀಗಿರಲು ಸುತ್ತೋಲೆ ಬಂತು. ಪರಿಶೀಲನಾ ಸಮಿತಿ ಬರಲಿದೆ. ಇಪ್ಪತ್ತೈದಕ್ಕಿಂತ ಕಡಿಮೆ ನಿವಾಸಿಗಳಿರುವ ಗೃಹಗಳನ್ನು ಮುಚ್ಚಲಾಗುವುದು. ಅಧೀಕ್ಷಕ ಧರ್ಮಣ್ಣನವರಿಗೆ ಅಂದು ಊಟ ಸೇರಲಿಲ್ಲ.

"ಆ ಲಾಡ್ಜಿನಾಗ ಇನ್ನೂ ನಾಕು ಮಂದಿ ಅದಾರ್ರಿ ಸಾಹೇಬ್ರ, ಅವರ್ನ ಕರಕೊಂಡು ಬರ್ರಿ," ಎಂದಳು ಹಣಮಮ್ಮ.

"ಅದು ಬ್ಯಾರೆ ಇಲಾಖೆ," ಎಂದ ಧರ್ಮಣ್ಣ ತಾವೇ ಒಂದು ಆದೇಶ ಹೊರಡಿಸಿದರು:

"ಸಿಬ್ಬಂದಿಯು ತಲಾ ಇಬ್ಬರಂತೆ ತಮ್ಮ ಮನೆಯ ಹೆಣ್ಣುಮಕ್ಕಳನ್ನು ಹಾಜರುಪಡಿಸತಕ್ಕದ್ದು. ಬಂಗಾರ ನಿಷಿದ್ಧ. ಮುಖದಲ್ಲಿ ಸಾಧಾರಣ ಪ್ರಮಾಣದ ದುಃಖವಿರತಕ್ಕದ್ದು."

ಆ ದಿನ ಎಲ್ಲರೂ ಬಂದರು. ಆದರೆ ಧರ್ಮಣ್ಣನವರ ಹೆಂಡತಿ ದುಂಡಮ್ಮ ಇಬ್ಬರು ತಂಗಿಯರನ್ನೂ ಕರೆತಂದಿದ್ದರಿಂದ ಲೆಕ್ಕ ಇಪ್ಪತ್ತಾರಾಯಿತು. ಹಾಸಿಗೆ ಇಪ್ಪತ್ತೈದೇ. ತಂಗಿಯರನ್ನು ಹೊರಗೆ ಹಾಕುವ ಧೈರ್ಯ ಧರ್ಮಣ್ಣನವರಿಗೆ ಇರಲಿಲ್ಲ. ಆಗಲೇ ಮೊದಲ ಹಾಸಿಗೆ ಹಿಡಿದಿದ್ದ ದುಂಡಮ್ಮನಿಗೆ ಏಳು ಎನ್ನುವ ಧೈರ್ಯವೂ ಇರಲಿಲ್ಲ. ಸಮಿತಿಗೆ ಚಹಾ ಕೊಡಲು ಅಧೀಕ್ಷಕರ ಪತ್ನಿಯೊಬ್ಬರು ಬೇಕೇಬೇಕಿತ್ತು. ಹೀಗಾಗಿ ಹಣಮಮ್ಮನಿಗೆ ದುಂಡಮ್ಮನ ರೇಷ್ಮೆ ಸೀರೆ ಉಡಿಸಿ ಟ್ರೇ ಕೈಗೆ ಕೊಟ್ಟರು.

ಬೆಂಗಳೂರಿನಿಂದ ಬಂದ ಸಮಿತಿಯ ಅಧ್ಯಕ್ಷೆ ಮೊದಲ ಹಾಸಿಗೆಯ ಹತ್ತಿರ ನಿಂತು, "ನಿನಗೇನು ಬೇಕಮ್ಮಾ?" ಎಂದರು.

"ಲಗೂನ ಮನಿಗಿ ಹೋಗ್ಬೇಕ್ರಿ," ಎಂದಳು ದುಂಡಮ್ಮ. "ಒಲಿ ಮ್ಯಾಲ ಬ್ಯಾಳಿ ಇಟ್ಟು ಬಂದೀನಿ."

ಎರಡನೆಯವಳೂ ಮನೆ ಎಂದಳು. ಮೂರನೆಯವಳೂ ಅದನ್ನೇ ಅಂದಳು. ಅಧ್ಯಕ್ಷೆಯ ಕಣ್ಣು ತುಂಬಿತು. "ಇಷ್ಟು ಆಳವಾದ ಗಾಯ! ವಿಚಾರಣೆ ಮುಗಿಯುವ ತನಕ ಇವರಲ್ಲಿ ಒಬ್ಬರೂ ಹೊರಗೆ ಹೋಗಕೂಡದು," ಎಂದು ಇಪ್ಪತ್ತೈದೂ ಹೆಸರು ಬರೆಸಿ ಮೊಹರು ಒತ್ತಿದರು. ಆಮೇಲೆ ಚಹಾ ತೆಗೆದುಕೊಳ್ಳುತ್ತಾ ಹಣಮಮ್ಮನ ಕಡೆ ತಿರುಗಿದರು.

"ನೀವು ಅಧೀಕ್ಷಕರ ಮನೆಯವರು. ಕಾಯ್ದೆಯಲ್ಲಿ ಇನ್ನೇನು ಸುಧಾರಣೆ ಆಗಬೇಕು ಅಂತೀರಿ?"

ಹಣಮಮ್ಮ ಟ್ರೇ ಕೆಳಗಿಟ್ಟಳು. "ಮನಿಗಿ ಹೋಗ್ತೀನಿ ಅಂದಾಕಿನ್ನ ಮನಿಗಿ ಕಳಸ್ಬೇಕ್ರಿ."

"ನಿಮಗೆ ಇದರ ಅನುಭವ ಇಲ್ಲ ತಾಯಿ. ಬೇರೆ ಏನಾದರೂ?"

"ಸ್ಟೇಶನ್ ಬಜಾರದ ಲಾಡ್ಜಿನಾಗ, ಹಿಂದಿನ ಖೋಲ್ಯಾಗ ನಾಕು ಮಂದಿನ ಕೂಡಿ ಹಾಕ್ಯಾರ್ರಿ."

ಅಧ್ಯಕ್ಷೆ ಫೋನು ಎತ್ತಿದರು. ಒಂದೇ ತಾಸಿನಲ್ಲಿ ಪೊಲೀಸರು ಬೀಗ ಒಡೆದು ನಾಲ್ವರನ್ನೂ ಕರೆತಂದರು. ಹಣಮಮ್ಮ ಇದೇ ಮಾತನ್ನು ಹಿಂದೆ ಒಂಬತ್ತು ಸಲ ಹೇಳಿದ್ದಳು. ಆಗ ರೇಷ್ಮೆ ಉಟ್ಟಿರಲಿಲ್ಲ.

ಆದರೆ ಗೃಹ ಭರ್ತಿಯಾಗಿತ್ತು. ಜಾಗವಿಲ್ಲದ ಕಾರಣ ನಾಲ್ವರನ್ನು ರಕ್ಷಿಸಲು ಬರುವುದಿಲ್ಲವೆಂದೂ, ಅನಿವಾರ್ಯವಾಗಿ ಅವರವರ ಮನೆಗೇ ಕಳಿಸಬೇಕಾಗಿದೆಯೆಂದೂ ಅಧ್ಯಕ್ಷೆ ವಿಷಾದದಿಂದ ಬರೆಸಿದರು. "ಹೆಣ್ಣುಮಕ್ಕಳ ಜೊತೆ ಅಧೀಕ್ಷಕರ ಪತ್ನಿಯೇ ಜೀಪಿನಲ್ಲಿ ಹೋಗಿ ಬಿಟ್ಟು ಬರಲಿ."

ಧರ್ಮಣ್ಣ ಬಾಯಿ ತೆರೆದರು. ಈಕೆ ನನ್ನ ಹೆಂಡತಿಯಲ್ಲ ಎಂದರೆ ಹೆಂಡತಿ ಯಾರೆಂಬ ಪ್ರಶ್ನೆ ಬರುತ್ತಿತ್ತು. ಬಾಯಿ ಮುಚ್ಚಿದರು.

ಸಮಿತಿಯ ಜೀಪಿನ ಚಾಲಕ ವಹಾಬ್ ಬಾಗಿಲು ತೆಗೆದು, "ಬೈಠಿಯೆ ಬಾಯಿಸಾಬ್," ಎಂದು ಸಲಾಮು ಮಾಡಿದ. ಗೇಟು ದಾಟುವ ತನಕ ಹಣಮಮ್ಮ ಸೆರಗಿನಿಂದ ಮುಖ ಮರೆಮಾಡಿ ಕುಳಿತಿದ್ದಳು. ದಾಟಿದ ಮೇಲೆ, "ಅಕ್ಕಾ, ನೀನಽ ಏನು!" ಎಂದು ಒಬ್ಬಳು ಗುರುತು ಹಿಡಿದಳು. ಐವರಿಗೂ ನಗು ಹತ್ತಿತು. ನಕ್ಕು ನಕ್ಕು ಅತ್ತರು, ಅತ್ತು ಮತ್ತೆ ನಕ್ಕರು. ದಾರಿಯ ಹಳ್ಳಿಗಳಲ್ಲಿ ಒಬ್ಬೊಬ್ಬರಾಗಿ ಇಳಿದರು. ಕಮಲಾಪುರದಲ್ಲಿ ಅಕ್ಕ ಮರೆಮ್ಮನ ಬಾಗಿಲಲ್ಲಿ ಹಣಮಮ್ಮ ಇಳಿದಾಗ, ಮರೆಮ್ಮ ರೇಷ್ಮೆ ಸೀರೆ ನೋಡಿ ಯಾವ ದೊಡ್ಡವರೋ ಎಂದು ಮೊದಲು ಕೈಮುಗಿದಳು.

ತಿಂಗಳ ನಂತರ ಗೃಹದ ಅಡುಗೆಯ ಸಕೀನಾ ಕಮಲಾಪುರಕ್ಕೆ ಬಂದಾಗ ಉಳಿದ ವರದಿ ಸಿಕ್ಕಿತು. ಇಪ್ಪತ್ತೈದು ಜನರೂ ಕ್ಷೇಮ. ಭಾನುವಾರ ನಾಲ್ಕರಿಂದ ಐದು ಗಂಟೆಯವರೆಗೆ ಗಂಡಂದಿರು ಸಾಲುಗಟ್ಟಿ ಭೇಟಿ ಮಾಡುತ್ತಾರೆ. ಮೊದಲ ವಾರ ದುಂಡಮ್ಮ ರಂಪ ಮಾಡಿದಳು. ಕುಂತಲ್ಲೇ ಊಟ ಬರುತ್ತದೆಂದು ತಿಳಿದ ಮೇಲೆ, ಕಾಯ್ದೆ ಇರೋದೇ ಹಿಂಗ, ಏನು ಮಾಡೂದು ಎನ್ನತೊಡಗಿದಳು.

"ಧರ್ಮಣ್ಣ ಸಾಹೇಬ್ರು?" ಎಂದಳು ಹಣಮಮ್ಮ.

ಅವರು ಹೆಂಡತಿಯ ಬಿಡುಗಡೆ ಕೋರಿ ಅಧೀಕ್ಷಕರಿಗೆ ಮೂರು ಪ್ರತಿಗಳಲ್ಲಿ ಅರ್ಜಿ ಸಲ್ಲಿಸಿದ್ದರು. ಸಂಬಂಧಕ್ಕೆ ಪುರಾವೆಯಿಲ್ಲವೆಂದು ಅಧೀಕ್ಷಕರು ಅದನ್ನು ತಿರಸ್ಕರಿಸಿದ್ದರು. ಎರಡೂ ಸಹಿ ಅವರವೇ. ನಿಯಮದಲ್ಲಿ ಎಲ್ಲಿಯೂ ಲೋಪ ಕಾಣದ್ದರಿಂದ ಅಂಬಣ್ಣ ಕಡತವನ್ನು ಮುಕ್ತಾಯಗೊಳಿಸಿದ.