ದರ್ಜಿಯ ಮಗಳಿಗೆ ಮಾತು ಬಂದದ್ದು

ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಹದಿನೈದು ವರ್ಷ ಹೊಲಿದ ದರ್ಜಿಗೆ ಮಾತೆಂದರೆ ‘ಹೂಂ’ ಮತ್ತು ‘ಉಹೂಂ’, ಎರಡೇ. ಹೆಂಡತಿ ಆಸ್ಪತ್ರೆಯಲ್ಲಿ ನರ್ಸ್. ಮೂರೂವರೆ ವರ್ಷದ ಮಗಳು ಶಿಶುವಿಹಾರ ಮುಗಿಸಿ ಬಂದು ಅಂಗಡಿಯಲ್ಲಿ ಅಪ್ಪನ ಕಾಲ ಬಳಿ ಕೂರುತ್ತಿದ್ದಳು. ಅವಳೂ ಅವೆರಡನ್ನೇ ಕಲಿತಳು.

ಅಂದು ಮಧ್ಯಾಹ್ನ ಮಗುವನ್ನು ಕರೆತರಲು ಹೋದಾಗ ಶಿಶುವಿಹಾರದ ಮೇಡಂ ಅವನನ್ನು ತಡೆದು ನಿಲ್ಲಿಸಿದರು. “ಇವಳ ಕಿವಿ, ನಾಲಿಗೆ ಎಲ್ಲಾ ಸರಿಯಾಗೇ ಇದೆ. ಬರೀ ಕೂತ್ಕೋ, ತಿನ್ನು ಅಂದ್ರೆ ಸಾಲ್ದು. ಏನಾದ್ರೂ ಹೇಳಿ, ಕೇಳಿ, ಉತ್ತರ ಬರೋವರೆಗೆ ಕಾಯಿರಿ” ಎಂದರು. ಸರಿಮಾಡಲು ಕೊಟ್ಟಿದ್ದ ತಮ್ಮ ಕೋಟನ್ನು ಸಂಜೆ ತೆಗೆದುಕೊಳ್ಳಲು ಬರುವುದಾಗಿಯೂ ಹೇಳಿದರು.

ದರ್ಜಿ ಸೂಜಿಗಳನ್ನು ಡಬ್ಬಿಗೆ ಹಾಕಿ ಮಾತಿಗೆ ಕೂತ. ಗುಂಡಿ, ದಾರ, ಕತ್ತರಿ ಎಲ್ಲವನ್ನೂ ವರ್ಣಿಸಿದ. ಪಕ್ಕದ ಇಸ್ತ್ರಿಯವನು ಬಂದು, ಒಂದೊಂದನ್ನೂ ಮೂರು ಸಲ ಕೂಗಿ ಹೇಳಬೇಕೆಂದ. ಎದುರಿನ ಫೋಟೋ ಸ್ಟುಡಿಯೋದಾಕೆ ಹಾಡಿ ಹೇಳಬೇಕೆಂದಳು. ಅವನು ಕೂಗಿಯೂ ನೋಡಿದ, ಹಾಡಿಯೂ ನೋಡಿದ. ದಾರ ಮುಗಿದ ಮಿಷನ್ನಿನಂತೆ ಬಾಯಿ ಓಡುತ್ತಿತ್ತು, ಹೊಲಿಗೆ ಮಾತ್ರ ಬೀಳಲಿಲ್ಲ.

ಮಾತಿಗೆ ವಿಷಯವೇ ತೀರಿಹೋದಾಗ ಮೇಡಂ ಅವರ ಕೋಟನ್ನು ಎತ್ತಿಕೊಂಡು, ಸೊಂಟದ ಹೊಲಿಗೆ ಬಿಚ್ಚಿ ಎರಡಿಂಚು ದೊಡ್ಡದು ಮಾಡುತ್ತಿರುವುದಾಗಿ ಹೇಳಿ ಕಾದ.

“ಯಾಕೆ?” ಎಂದಳು ಮಗಳು.

ದರ್ಜಿಗೆ ಖುಷಿಯಲ್ಲಿ ಮೈಮೇಲೆ ಎಚ್ಚರವೇ ಉಳಿಯಲಿಲ್ಲ. ಬಟ್ಟೆ ಕುಗ್ಗಿದೆಯೆಂದು ಮೇಡಂಗೆ ಹೇಳಿದ್ದು ಬರೀ ಮರ್ಯಾದೆಗೆ, ನಿಜಕ್ಕೂ ಹಿಗ್ಗಿದ್ದು ಅವರೇ ಎಂದುಬಿಟ್ಟ. ಹಿಗ್ಗುವುದೆಂದರೇನೆಂದು ಅವಳು ಕೇಳಿದಳು. ಕೆನ್ನೆ ಉಬ್ಬಿಸಿ ತೋರಿಸಿದ. ಅಲ್ಲಿಂದ ಸಂಜೆಯವರೆಗೆ ಅವಳು ಕೇಳಿದ್ದೇ ಕೇಳಿದ್ದು, ಅವನು ಹೇಳಿದ್ದೇ ಹೇಳಿದ್ದು.

ಮೇಡಂ ಬಂದು ಕೋಟು ತೊಟ್ಟು ಕನ್ನಡಿಯ ಮುಂದೆ ನಿಂತರು. ಕುಗ್ಗಿದ ಬಟ್ಟೆ ಈಗ ಸರಿಹೋಯಿತೆಂದು ಮೆಚ್ಚಿದರು.

“ಬಟ್ಟೆ ಕುಗ್ಗಿಲ್ಲ ಮೇಡಂ, ನೀವು ಹಿಗ್ಗಿದೀರಿ” ಎಂದು ಮಗಳು ಕೆನ್ನೆ ಉಬ್ಬಿಸಿದಳು.

ಪಕ್ಕದಂಗಡಿಯ ಇಸ್ತ್ರಿಯವನು ಬಂದು ಇಣುಕಿದ. ಮೇಡಂ ಕೋಟು ಕಳಚಿ, ಮಗುವಿನ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತು, ಅಪ್ಪ ಇನ್ನೇನೇನು ಹೇಳಿದರೆಂದು ವಿಚಾರಿಸಿದರು. ಅವಳು ಕತ್ತರಿಯಿಂದ ಹಿಡಿದು ಇಸ್ತ್ರಿಯವನು ಸುಟ್ಟ ಅಂಗಿಯವರೆಗೆ ಒಂದನ್ನೂ ಬಿಡದೆ ಒಪ್ಪಿಸಿದಳು. ಒಂದು ಗಿರಾಕಿ ಹೋಯಿತೆಂದುಕೊಂಡ ದರ್ಜಿ.

ಮೇಡಂ ಎದ್ದಾಗ ಮುಖ ಅರಳಿತ್ತು. “ನಾನು ಎಂಟು ತಿಂಗಳು ಹೆಣಗಿದ್ದನ್ನ ನೀವು ಒಂದು ಮಧ್ಯಾಹ್ನದಲ್ಲಿ ಮಾಡಿದ್ರಿ. ಬಾಯಿ ಬಿಡದ ಮಕ್ಕಳು ನಮ್ಮಲ್ಲಿ ಇನ್ನೂ ಆರು ಇದಾವೆ. ನಾಳೆಯಿಂದ ದಿನಾ ಮಧ್ಯಾಹ್ನ ಇಲ್ಲಿಗೇ ಕಳಿಸ್ತೀನಿ.”

ಸಾಧ್ಯವೇ ಇಲ್ಲವೆನ್ನಲು ದರ್ಜಿ ಬಾಯಿ ತೆರೆದ. ಮಧ್ಯಾಹ್ನದಿಂದ ಕೂಗಿ, ಹಾಡಿ ಗಂಟಲು ಕಟ್ಟಿಹೋಗಿತ್ತು. ಬರೀ ಗಾಳಿ ಹೊರಬಂತು. ಮೇಡಂ ಅದನ್ನು ಒಪ್ಪಿಗೆಯೆಂದೇ ತಿಳಿದು, ಆರು ಪುಟ್ಟ ಕುರ್ಚಿಗಳನ್ನು ಎಲ್ಲಿ ಹಾಕಬಹುದೆಂದು ಇಸ್ತ್ರಿಯವನನ್ನು ಕೇಳತೊಡಗಿದರು.