ತವರಿಗೆ ಹೋದ ದೀಪ

ಮನುಷ್ಯನಿಗೆ ಒಂದು ಹುಚ್ಚು ಇರಲಿ, ಆದರೆ ದಿನಾ ಧೂಳು ಒರೆಸಬೇಕಾದ ಹುಚ್ಚು ಬೇಡ ಎಂಬುದು ನನ್ನ ಹೆಂಡತಿ ಸುಮಿತ್ರೆಯ ಅಭಿಪ್ರಾಯ. ನನಗೆ ಹಿಡಿದಿರುವುದು ಅದೇ. ಹಳೆಯ ಕಾಲದ ಮೇಜಿನ ದೀಪಗಳನ್ನು ಕೂಡಿಹಾಕುತ್ತೇನೆ. ಪಿಂಗಾಣಿಯ ಬುಡ, ಬಣ್ಣದ ಗಾಜಿನ ಷೇಡು, ಅದರ ಮೇಲೊಂದು ಹೂವೋ ಹಕ್ಕಿಯೋ. ಶಿಕಾರಿಪುರದ ನಮ್ಮ ಮನೆಯ ಹಜಾರದಲ್ಲಿ ಇಂಥ ಹತ್ತು ದೀಪಗಳು ಕಪಾಟಿನೊಳಗೆ ನಿಂತಿವೆ. ಒಂದನ್ನೂ ಹಚ್ಚುವುದಿಲ್ಲ. ಬಲ್ಬಿನ ಕಾವಿಗೆ ಬಣ್ಣ ಮಾಸೀತು, ಗಾಜು ಸೀಳೀತು ಎಂಬ ಭಯ. "ಟ್ಯೂಬ್‌ಲೈಟ್ ಕೆಟ್ಟು ವಾರ ಆತು. ಹತ್ತು ದೀಪ ಇಟ್ಕೊಂಡು ಕತ್ತಲಾಗೆ ಕುಂತೀವಲ್ರೀ" ಎಂದು ಸುಮಿತ್ರೆ ಒಮ್ಮೆ ಅಂದಿದ್ದಳು. ಅವಳಿಗೆ ಕಲೆಯ ಬಗ್ಗೆ ಒಲವಿಲ್ಲ ಎಂದುಕೊಂಡೆ.

ನಾನು ಪತ್ರ ಬರೆಯುವವನು. ಕ್ರಯಪತ್ರ, ವಿಭಾಗಪತ್ರ, ದಾನಪತ್ರ ಬರೆದು ಹೊಟ್ಟೆ ಹೊರೆಯುತ್ತೇನೆ. ಚಕ್ಕುಬಂದಿ, ಅಂದರೆ ಆಸ್ತಿಯ ನಾಲ್ಕು ದಿಕ್ಕಿನ ಗಡಿ, ಕೇಳಲು ಯಾರ ಮನೆಗೆ ಹೋದರೂ ಕಿವಿ ಅವರ ಮಾತಿನ ಮೇಲೆ, ಕಣ್ಣು ಅವರ ಕಪಾಟಿನ ಮೇಲೆ. ಹಾಗೆಯೇ ಸೊರಬದಲ್ಲಿ ಗಿರಿಜಮ್ಮನವರ ಮನೆಗೆ ಹೋಗಿದ್ದೆ. ಹೊಲಿಗೆ ಕಲಿಸುವ ಟೀಚರಾಗಿದ್ದು ನಿವೃತ್ತರಾದವರು. ಬಸ್‌ಸ್ಟ್ಯಾಂಡಿನ ಹತ್ತಿರದ ಚಿಕ್ಕ ಮನೆಗೆ ಹೋಗುವವರಿದ್ದರು. ಹಳೆಯ ಮನೆಯ ಕ್ರಯಪತ್ರಕ್ಕೆ ನನ್ನನ್ನು ಕರೆಸಿದ್ದರು. ಅಲ್ಲಿ ನೋಡಿದೆ: ನೀಲಿ ಪಿಂಗಾಣಿಯ ಬುಡ, ಲಂಗದ ನೆರಿಗೆಯ ಹಾಗೆ ಅಂಚಿರುವ ಗುಲಾಬಿ ಗಾಜು. ಪೂರ್ವಕ್ಕೆ ಯಾರ ಜಮೀನು ಎಂಬುದನ್ನು ಮೂರು ಸಲ ಕೇಳಿದೆನಂತೆ.

"ಅಷ್ಟು ಆಸೆ ಇದ್ರೆ ತಗಂಡು ಹೋಗಿ ಮಾರಾಯ್ರೆ. ಹೊಸ ಮನೇಲಿ ಇದಕ್ಕೆ ಜಾಗ ಎಲ್ಲಿದೆ?" ಎಂದರು. ಬೆಲೆಯ ಮಾತೆತ್ತಿದರೆ ಕಿವಿ ಮುಚ್ಚಿಕೊಂಡರು. ಆಮೇಲೆ ದೀಪವನ್ನು ಮಣೆಯ ಮೇಲೆ ಕೂರಿಸಿ, ಬುಡಕ್ಕೆ ಅರಿಶಿನ ಕುಂಕುಮ ಹಚ್ಚಿ, ಅಕ್ಕಿ, ಕಾಯಿ, ರವಿಕೆ ಕಣ ಇಟ್ಟು ಗಂಡನ ಮನೆಗೆ ಹೊರಟ ಮಗಳಿಗೆ ಕೊಡುವ ಹಾಗೆ ಮಡಿಲಕ್ಕಿ ಕೊಟ್ಟರು. "ನಮ್ಮನೆಯವರು ಮದುವೆಯಾದ ವರ್ಷ ತಂದಿದ್ದು. ಚೆನ್ನಾಗಿ ನೋಡ್ಕಳಿ" ಎನ್ನುವಾಗ ಅವರ ಕಣ್ಣು ಒದ್ದೆಯಾಗಿತ್ತು. ನಾನು ತಲೆಯಾಡಿಸಿದೆ. ಕುಂಕುಮದ ಕಲೆ ಪಿಂಗಾಣಿಯಿಂದ ಹೋಗುತ್ತದೋ ಇಲ್ಲವೋ ಎಂಬ ಚಿಂತೆ ನನ್ನದು. ಬಸ್ಸು ಶಿರಾಳಕೊಪ್ಪ ಮುಟ್ಟುವ ಮೊದಲೇ ಒರೆಸಿಬಿಟ್ಟಿದ್ದೆ.

'ಇನ್ನು ಮುಂದೆ ನನಗಾಗಲಿ ನನ್ನ ವಾರಸುದಾರರಿಗಾಗಲಿ ಯಾವ ಹಕ್ಕೂ ಇರುವುದಿಲ್ಲ' ಎಂಬ ಸಾಲನ್ನು ಕಣ್ಣು ಮುಚ್ಚಿಕೊಂಡು ಬರೆಯಬಲ್ಲವನು ನಾನು. ಮಡಿಲಕ್ಕಿ ಕೊಟ್ಟು ಕಳಿಸಿದ್ದಕ್ಕೆ ಆ ಸಾಲು ಅನ್ವಯಿಸುವುದಿಲ್ಲ ಎಂಬುದು ಮಾತ್ರ ಹೊಳೆಯಲಿಲ್ಲ.

ಎರಡು ತಿಂಗಳಿಗೆ ಒಂದು ಮಧ್ಯಾಹ್ನ ಗಿರಿಜಮ್ಮ ಚಕ್ಕುಲಿಯ ಡಬ್ಬಿ ಹಿಡಿದು ಬಂದರು, ಮಡಿಲಕ್ಕಿ ಕೊಟ್ಟು ಕಳಿಸಿದ ಮಗಳನ್ನು ನೋಡಿ ಹೋಗಲು. ಕಪಾಟಿನ ಮುಂದೆ ಬಹಳ ಹೊತ್ತು ನಿಂತರು.

"ಬಲ್ಬೇ ಇಲ್ವಲ್ಲ?"

"ಹಚ್ಚಬಾರ್ದಮ್ಮ, ಹಾಳಾಗ್ತದೆ."

"ನಮ್ಮನೇಲಿ ನಲವತ್ತು ವರ್ಷ ಉರೀತು. ಎಂತ ಹಾಳಾತು?"

ಅವರು ಸುಮಿತ್ರೆಯ ಕಡೆ ತಿರುಗಿ, "ಕೊಟ್ಟ ಮೇಲೆ ನಾನು ಮಾತಾಡಬಾರ್ದು. ಒಂದೆಂಟು ದಿನ ತವರಿಗೆ ಕರ್ಕಂಡು ಹೋಗ್ತೀನಿ" ಎಂದರು. ನಾನು ಬಾಯಿ ತೆರೆಯುವುದರೊಳಗೆ ಸುಮಿತ್ರೆ ದೀಪವನ್ನು ತನ್ನ ಹಳೆಯ ಸೀರೆಯಲ್ಲಿ ಸುತ್ತಿ ಕೊಟ್ಟಿದ್ದಳು. ತನ್ನ ತವರಿಗೆ ಹೊರಡುವಾಗಲೂ ಅವಳಲ್ಲಿ ಅಷ್ಟು ಚುರುಕನ್ನು ನಾನು ಕಂಡಿಲ್ಲ.

ಎಂಟು ದಿನ ತಿಂಗಳಾಯಿತು. ಫೋನ್ ಮಾಡಿದರೆ "ಆಷಾಢ ಅಲ್ವಾ, ಕಳೀಲಿ" ಎಂದರು. ಆಷಾಢ ಕಳೆದ ಮೇಲೆ "ಹಬ್ಬ ಮುಗಿಸ್ಕಂಡು ಬರ್ಲಿ" ಎಂದರು. ಕೊನೆಗೆ ನಾನೇ ಹೊರಟೆ. ಹೆಂಡತಿಯನ್ನು ಕರೆತರಲು ಕೂಡ ಅಷ್ಟು ಅಳುಕುತ್ತ ಮಾವನ ಮನೆಗೆ ಹೋದವನಲ್ಲ.

ಹೋಳಿಗೆ ಊಟವೇ ಆಯಿತು. ಸಂಜೆಗೆ ಪಕ್ಕದ ಮನೆಯ ಹೆಂಗಸರಿಬ್ಬರು ಹೊಲಿಗೆ ಕಲಿಯಲು ಬಂದರು. ದೀಪ ಹೊಲಿಗೆ ಯಂತ್ರದ ಪಕ್ಕದಲ್ಲಿತ್ತು. ಗಿರಿಜಮ್ಮ ಗುಂಡಿ ಒತ್ತಿದರು. ಗುಲಾಬಿ ಗಾಜಿನೊಳಗೆ ಸಣ್ಣ ಬಳ್ಳಿಗಳು ಮೂಡಿದವು. ಎರಡು ತಿಂಗಳು ನನ್ನ ಮನೆಯಲ್ಲಿದ್ದ ದೀಪ. ಅದರಲ್ಲಿ ಬಳ್ಳಿ ಇರುವುದೇ ನನಗೆ ಗೊತ್ತಿರಲಿಲ್ಲ. ನಿಜಕ್ಕೂ ನಾಚಿಕೆಯಾಯಿತು.

"ಕರ್ಕಂಡು ಹೋಗಿ, ನಂದೇನೂ ತಕರಾರಿಲ್ಲ" ಎಂದು ಅವರು ಆರಿಸಲು ಕೈ ಚಾಚಿದರು. ಕೈ ಅರ್ಧದಲ್ಲೇ ನಿಂತಿತು.

"ಇರಲಿ ಬಿಡಿ ಅಮ್ಮ, ಇಲ್ಲೇ ಇರಲಿ" ಎಂದೆ. ಹೊಟ್ಟೆ ಉರಿಯಲಿಲ್ಲ ಎಂದೇನಲ್ಲ. ಆದರೂ ಅಂದೆ.

ಮರುದಿನ ಸಂಜೆ ಕಪಾಟಿನಿಂದ ನನ್ನ ಹೆಮ್ಮೆಯ ನವಿಲು ದೀಪವನ್ನು ತೆಗೆದು ಬಲ್ಬು ಹಾಕಿ ಹಚ್ಚಿದೆ. ಸುಮಿತ್ರೆ ಪೇಪರು ಹಿಡಿದು ಅದರ ಹತ್ತಿರ ಬಂದು ಕೂತಳು. "ಬೆಳಕು ಭಾಳ ಚಂದ ಐತ್ರೀ" ಎಂದಳು. ನನ್ನ ಸಂಗ್ರಹವನ್ನು ಅವಳು ಹೊಗಳಿದ್ದು ಅದೇ ಮೊದಲು. ಖುಷಿಪಡೋಣವೆಂದರೆ, ಒಳಗಿನ ಬೆಳಕಿನಲ್ಲಿ ನವಿಲಿನ ಕತ್ತಿನುದ್ದಕ್ಕೂ ಒಂದು ಬಿರುಕು ಕಾಣುತ್ತಿತ್ತು. ಮಾರಿದವನು ಅಂಟು ಹಾಕಿ, ಮೇಲೆ ಬಣ್ಣ ಬಳಿದು, ನನ್ನ ತಲೆಗೆ ಕಟ್ಟಿದ್ದ. ಅವಳು ಅದನ್ನು ಗಮನಿಸಲೇ ಇಲ್ಲ, ನೆಮ್ಮದಿಯಾಗಿ ಓದುತ್ತಿದ್ದಳು. ಉಳಿದ ಒಂಬತ್ತನ್ನು ಹಚ್ಚಿ ನೋಡುವ ಧೈರ್ಯ ನನಗಿನ್ನೂ ಬಂದಿಲ್ಲ. ಕೇಳಿದವರಿಗೆ, ಕಾವಿಗೆ ಬಣ್ಣ ಮಾಸುತ್ತದೆ ಎಂದೇ ಹೇಳುತ್ತಿದ್ದೇನೆ.