ತೂಬಿನ ಬಳಿ ಎರಡು ನಾಲಿಗೆ ತೋರಿಸಿದ ‘ಲೆಟ್’ ಎಂಬ ಮಹಾಕ್ರಿಯಾಪದಕ್ಕೆ

ಮದ್ದೂರು ತಾಲ್ಲೂಕು
ಜೂನ್ ೧೯೭೩

ಮಾನ್ಯರೇ,

ಸಾವಿರ ವರ್ಷಗಳಿಗೂ ಹಿಂದೆ ಆಂಗ್ಲರ ನಾಡಿನಲ್ಲಿ ಅವತರಿಸಿ, ರಾಜರ ಆಜ್ಞೆಯಿಂದ ಹಿಡಿದು ಮಂಡ್ಯದ ಬಾಡಿಗೆ ಮನೆಗಳ ಬೋರ್ಡಿನವರೆಗೆ ಎಲ್ಲೆಡೆಯೂ ಒಂದೇ ಗಾಂಭೀರ್ಯದಿಂದ ವಿರಾಜಮಾನರಾಗಿರುವ ತಮ್ಮ ಪಾದಾರವಿಂದಗಳಿಗೆ, ಮೂರೇ ಅಕ್ಷರದ ತಮಗೆ ಪಾದಗಳಿರುವುದು ಸಾಧ್ಯವಾದರೆ, ಮಳವಳ್ಳಿಯ ಪ್ರೌಢಶಾಲೆಯೊಂದರಲ್ಲಿ ಇಂಗ್ಲಿಷ್ ಬೋಧಿಸಿ ನಿವೃತ್ತನಾಗಿ, ಈಗ ಬೆಸಗರಹಳ್ಳಿಯ ಸಮೀಪದ ಹಳ್ಳಿಯೊಂದರಲ್ಲಿ ಧರ್ಮಪತ್ನಿ ಶ್ರೀಮತಿಯ ಆಡಳಿತಕ್ಕೊಳಪಟ್ಟು ಬದುಕಿರುವ ಯೋಗಾನರಸಿಂಹನ ಸಾಷ್ಟಾಂಗ ನಮಸ್ಕಾರಗಳು. ಇಲ್ಲಿ ನಾವು ಕ್ಷೇಮ. ತಾವೂ ಕ್ಷೇಮವಾಗಿದ್ದೀರೆಂದು ಬಲ್ಲೆ. ಏಕೆಂದರೆ ಕಳೆದ ಬೇಸಿಗೆಯಲ್ಲಿ ತಾವು ಮಾಡಿದ ಕೆಲಸಕ್ಕೆ ಬಂದ ಕೆಟ್ಟ ಹೆಸರೆಲ್ಲ ಸೀದಾ ನನ್ನ ಮನೆಗೇ ಬಂದು ತಲುಪಿದೆ.

ತಮ್ಮ ವಂಶವನ್ನು ನಾನು ಅಗೌರವಿಸುವವನಲ್ಲ. ಹಳೆಯ ಇಂಗ್ಲಿಷಿನಲ್ಲಿ ತಾವು ಒಬ್ಬರಾಗಿರದೆ ಇಬ್ಬರಾಗಿದ್ದಿರಿ ಎಂಬುದನ್ನು ಮಕ್ಕಳು ಕೇಳಲಿ ಬಿಡಲಿ ವರ್ಷವರ್ಷವೂ ಹೇಳಿಕೊಟ್ಟವನು ನಾನು. ಒಬ್ಬರು ‘ಲ್ಯಾಟನ್’: ಬಿಡು, ಹೋಗಗೊಡು, ಹಿಂದೆ ಬಿಟ್ಟು ಹೊರಡು. ಇನ್ನೊಬ್ಬರು ‘ಲೆಟ್ಟನ್’: ತಡೆ, ಅಡ್ಡಿಮಾಡು, ಮುಂದೆ ಹೋಗಗೊಡಬೇಡ. ಜನರ ಬಾಯಲ್ಲಿ ಸವೆದು ಸವೆದು ಇಬ್ಬರಿಗೂ ಒಂದೇ ಮುಖ, ಒಂದೇ ಧ್ವನಿ, ಒಂದೇ ಕಾಗುಣಿತವಾಯಿತು. ಬಿಡುವವರು ಊರೆಲ್ಲ ತಿರುಗಾಡಿ ಹೆಸರು ಮಾಡಿದರು. ಹಳೆಯ ವೈದ್ಯರು ರೋಗಿಯ ರಕ್ತವನ್ನು ಹೊರಕ್ಕೆ ಬಿಟ್ಟದ್ದೂ, ಮನೆಯ ಯಜಮಾನ ಮಹಡಿಯನ್ನು ಬಾಡಿಗೆಗೆ ಬಿಡುವುದೂ ಅವರ ಹೆಸರಿನಲ್ಲೇ. ತಡೆಯುವವರಿಗೆ ವಯಸ್ಸಾಗಿ, ಪಾಸ್‌ಪೋರ್ಟಿನ ಮೊದಲ ಪುಟದಲ್ಲಿ ‘ವಿದೌಟ್ ಲೆಟ್ ಆರ್ ಹಿಂಡ್ರೆನ್ಸ್’, ಅಂದರೆ ‘ಯಾವ ತಡೆಯೂ ಅಡ್ಡಿಯೂ ಇಲ್ಲದೆ ಹೋಗಗೊಡಿ’ ಎಂಬಲ್ಲಿ ಒಂದು ಮೂಲೆ, ಟೆನಿಸ್ ಅಂಗಳದಲ್ಲಿ ಸರ್ವ್ ಮಾಡಿದ ಚೆಂಡು ನೆಟ್ಟಿಗೆ ತಗುಲಿದಾಗ ‘ಲೆಟ್’ ಎಂದು ಕೂಗುವ ಒಂದು ಕೂಗು, ಇಷ್ಟೇ ಉಳಿಯಿತು. ಅವರು ಅಲ್ಲಿಯೇ ಸುಖವಾಗಿ ವಿಶ್ರಮಿಸಬಹುದಾಗಿತ್ತು. ಬಂದು ಬಂದು ನಮ್ಮೂರ ನಾಲೆಯ ತೂಬಿನ ಮೇಲೆ ಏಕೆ ಕುಳಿತರು ಎಂಬುದೇ ಈ ಬಡವನ ದೂರು.

ನಡೆದದ್ದನ್ನು ಕ್ರಮವಾಗಿ ಅರಿಕೆ ಮಾಡಿಕೊಳ್ಳುತ್ತೇನೆ. ನಮ್ಮೂರ ತೂಬಿನ ಬಳಿ ನಾಲೆಯ ನೀರು ಎರಡಾಗುತ್ತದೆ. ಮೇಲಿನ ಕಾಲುವೆಯ ನೀರು ನಿಂಗಯ್ಯನ ಕಬ್ಬಿಗೆ. ಕೆಳಗಿನ ಕಾಲುವೆಯದು ಅವನ ಅತ್ತಿಗೆ ದೇವಿರಮ್ಮನ ಭತ್ತಕ್ಕೆ ಮತ್ತು ಅಲ್ಲಿನ ನಾಲ್ಕಾರು ಮನೆಯವರ ಗದ್ದೆಗಳಿಗೆ. ದೇವಿರಮ್ಮನಿಗೆ ಗಂಡನಿಲ್ಲ. ಆಸ್ತಿ ಭಾಗವಾದ ಮೇಲೆ ಮೈದುನನೊಡನೆ ಮಾತೂ ಇಲ್ಲ. ನಿಂಗಯ್ಯನು ಕೆಳಗಿನ ಕಾಲುವೆಯ ಏರಿ ಸೋರುತ್ತಿದೆ, ನೀರೆಲ್ಲ ದಂಡವಾಗುತ್ತಿದೆ ಎಂದು ಮದ್ದೂರಿಗೆ ಹೋಗಿ ದೂರು ಕೊಟ್ಟನು. ಆಗತಾನೆ ವರ್ಗವಾಗಿ ಬಂದಿದ್ದ ಎಳೆಯ ಇಂಜಿನಿಯರ್ ಕಸ್ತೂರಿರಂಗ ಅವರು ಕಾಲುವೆಯನ್ನು ನೋಡದೆಯೇ ಒಂದು ಸಾಲಿನ ಹುಕುಂ ಬರೆದು ಕಳಿಸಿದರು: ‘ನೋ ಪರ್ಸನ್ ಶಲ್ ಲೆಟ್ ದಿ ವಾಟರ್ ಟು ದಿ ಲೋಯರ್ ಚಾನೆಲ್.’ ಕೆಳಗಿನ ಕಾಲುವೆಗೆ ಯಾರೂ ನೀರು ಬಿಡಕೂಡದು ಎಂಬುದು ಅವರ ಅಭಿಪ್ರಾಯ.

ತೂಬು ತೆಗೆದು ಮುಚ್ಚುವ ನೀರುಗಂಟಿ ಕೆಂಪಸಿದ್ದಯ್ಯ ಆ ಚೀಟಿಯನ್ನು ಓದಿಸಿಕೊಳ್ಳಲು ನನ್ನ ಜಗಲಿಗೆ ತಂದನು. ಅವನ ಹಿಂದೆ ದೇವಿರಮ್ಮ ನಿಂತಿದ್ದಳು. ಅವಳ ಪೈರು ಆಗ ಹಾಲುಗಟ್ಟುತ್ತಿತ್ತು. ಆ ವಾರ ನೀರು ತಪ್ಪಿದರೆ ತೆನೆಯ ತುಂಬ ಜೊಳ್ಳು ಎಂಬುದು ಇಂಗ್ಲಿಷ್ ಮಾತ್ರ ಕಲಿತ ನನಗೂ ತಿಳಿಯುತ್ತಿತ್ತು. ಮಗಳು ಮಂಚಮ್ಮ ಬಾಣಂತನಕ್ಕೆ ಬರುವವಳಿದ್ದಳು; ಆ ಮನೆಯ ವರ್ಷದ ಅನ್ನವೆಲ್ಲ ಆ ಗದ್ದೆಯಲ್ಲೇ ನಿಂತಿತ್ತು.

“ಏನ್ ಬರ್ದವ್ರೆ ಮೇಷ್ಟ್ರೇ? ನೀರ್ ಬುಡು ಅಂತಲೋ, ಬ್ಯಾಡ ಅಂತಲೋ?” ಎಂದು ಅವಳು ಕೇಳಿದಳು.

ಮಾನ್ಯರೇ, ನಾನು ಚೀಟಿಯನ್ನು ಓದಿದೆ. ಆಕೆಯ ಮುಖವನ್ನೂ ಓದಿದೆ. ಆ ಗಳಿಗೆಯಲ್ಲಿ ತಮ್ಮ ಮನೆತನದ ಆ ಇನ್ನೊಬ್ಬರು, ತಡೆಯುವ ಹಿರಿಯರು, ಕರೆಯದೆಯೇ ಬಂದು ನನ್ನ ನಾಲಿಗೆಯ ಮೇಲೆ ಕುಳಿತರು. “ಲೆಟ್ ಎಂದರೆ ಪ್ರಾಚೀನ ಪ್ರಯೋಗದಲ್ಲಿ ತಡೆಯುವುದು. ಆದ್ದರಿಂದ, ಕೆಳಗಿನ ಕಾಲುವೆಗೆ ಹೋಗುವ ನೀರನ್ನು ಯಾರೂ ತಡೆಯಕೂಡದು ಎಂದು ಸಾಹೇಬರ ಅಪ್ಪಣೆಯಾಗಿದೆ,” ಎಂದು ನಾನು ಸಭೆಯಲ್ಲಿ ಹೇಳುವವನಂತೆ ಹೇಳಿದೆ. ಒಳಗಿನಿಂದ ಶ್ರೀಮತಿ ಒಗ್ಗರಣೆ ಸೌಟನ್ನು ಸ್ವಲ್ಪ ಜೋರಾಗಿಯೇ ಇಟ್ಟಳು. ಅವಳೂ ಲೋಯರ್ ಸೆಕೆಂಡರಿ ಪಾಸಾದವಳು.

ಕೆಂಪಸಿದ್ದಯ್ಯ ಹೋಗಿ ಹಲಗೆ ಎತ್ತಿದನು. ನೀರು ಹರಿಯಿತು. ಕೆಳಗಿನ ಗದ್ದೆಯವರು ತಮಗೆ ಜೈಕಾರ ಹಾಕುವುದೊಂದು ಬಾಕಿ. ಎರಡನೆಯ ದಿನಕ್ಕೆ ನಿಂಗಯ್ಯ ನನ್ನ ಜಗಲಿಯ ಮುಂದೆ ನಿಂತು, “ಇದ್ಯಾವ್ ಸೀಮೆ ಇಂಗ್ಲಿಸು ಮೇಷ್ಟ್ರೇ? ಸಾಯೇಬ್ರು ನನ್ ಮುಂದೇನೇ ಬ್ಯಾಡ ಅಂತ ಬರ್ದವ್ರೆ. ನೀವು ಬುಡು ಅಂತ ಓದಿದ್ದೀರಲ್ಲ!” ಎಂದನು. ಇದು ನನ್ನ ಇಂಗ್ಲಿಷಲ್ಲ, ಇಂಗ್ಲಿಷರ ಇಂಗ್ಲಿಷೆಂದೂ, ಅನುಮಾನವಿದ್ದರೆ ಅವರನ್ನೇ ಕೇಳಬಹುದೆಂದೂ ನಾನು ಸವಿನಯವಾಗಿ ತಿಳಿಸಿದೆ. ಅವನು ಅವರನ್ನು ಕೇಳುವ ಗೋಜಿಗೆ ಹೋಗದೆ ಬಸ್ಸು ಹತ್ತಿ ಮದ್ದೂರಿಗೆ ಹೋಗಿ ಕಸ್ತೂರಿರಂಗ ಅವರನ್ನೇ ಜೀಪಿನಲ್ಲಿ ಕರೆತಂದನು.

ತೂಬಿನ ಬಳಿ ನಾನು ತಮ್ಮ ಪರವಾಗಿ ಮಾಡಿದ ವಾದವನ್ನು ತಾವು ಕೇಳಬೇಕಾಗಿತ್ತು. ಎರಡು ಧಾತು, ಎರಡು ಅರ್ಥ, ಸಾವಿರ ವರ್ಷದ ಪ್ರಯೋಗ ಎಲ್ಲವನ್ನೂ ಬಿಸಿಲಿನಲ್ಲಿ ನಿಂತು ನಿವೇದಿಸಿದೆ. ಇಂಜಿನಿಯರ ಮುಖ ಮೊದಲು ಕೆಂಪಾಯಿತು. ಟೆನಿಸ್ಸಿನ ಮಾತು ಬರುವ ಹೊತ್ತಿಗೆ ಏನೋ ನೆನಪಾದವರಂತೆ ತಡೆದು ನಿಂತರು. ಅವರು ಸಂಜೆ ಮಂಡ್ಯದಲ್ಲಿ ಆಡುವವರಂತೆ. “ಹೌದಲ್ಲ ಸಾರ್, ನಾವು ದಿನಾ ಕೂಗ್ತೀವಿ. ಲೆಟ್ ಅಂದ ತಕ್ಷಣ ಆಟ ನಿಲ್ಲಿಸ್ತೀವಿ. ಯಾಕೆ ಅಂತ ಯಾವತ್ತೂ ಯೋಚನೆ ಮಾಡಿರಲಿಲ್ಲ,” ಎಂದು ಬಿದ್ದು ಬಿದ್ದು ನಕ್ಕರು. ನಕ್ಕ ಮೇಲೆ ಕೋಪ ಮಾಡುವುದು ಕಷ್ಟ. ಅದೇ ಒಳ್ಳೆಯ ಮನಸ್ಸಿನಲ್ಲಿ ಕೆಳಗಿನ ಕಾಲುವೆಯ ಉದ್ದಕ್ಕೂ ನಡೆದರು, ಏರಿ ಎಲ್ಲಿಯೂ ಸೋರದಿರುವುದನ್ನು ಕಂಡರು, ದೇವಿರಮ್ಮನ ಗದ್ದೆಯಲ್ಲಿ ಒಂದು ತೆನೆ ಹಿಸುಕಿ ಬೆರಳಿಗೆ ಹತ್ತಿದ ಹಾಲನ್ನು ನೋಡಿದರು. ಆಮೇಲೆ ಜೀಪಿನ ಮೂತಿಯ ಮೇಲೆ ಕಾಗದವಿಟ್ಟು ಹೊಸ ಹುಕುಂ ಬರೆದುಕೊಟ್ಟರು: ‘ಲೆಟ್ ದಿ ವಾಟರ್ ಟು ದಿ ಲೋಯರ್ ಚಾನೆಲ್ ಟಿಲ್ ಹಾರ್ವೆಸ್ಟ್.’ ಕೊಯ್ಲಿನವರೆಗೆ ನೀರು ಬಿಡಿ. ಅಷ್ಟು ಬರೆದು ಮಳವಳ್ಳಿಯ ಕಡೆಗೆ ಕ್ಯಾಂಪು ಹೊರಟುಹೋದರು.

ಅಲ್ಲಿಗೆ ಈ ಪತ್ರ ಮುಗಿದು, ಇದೊಂದು ಅಭಿನಂದನ ಪತ್ರವಾಗಬೇಕಾಗಿತ್ತು. ಆದರೆ ಮರುದಿನ ಬೆಳಿಗ್ಗೆ ನಿಂಗಯ್ಯ ತೂಬಿನ ಹಲಗೆಯನ್ನು ಬಲವಾಗಿ ಮುಚ್ಚಿ, ಅದರ ಮೇಲೆ ಛತ್ರಿ ಬಿಚ್ಚಿಕೊಂಡು ಕುಳಿತುಬಿಟ್ಟಿದ್ದನು. ನಾನು ಓಡಿದೆ.

“ಯಾಕ್ ಮೇಷ್ಟ್ರೇ ಕ್ವಾಪ? ಲೆಟ್ಟು ಅಂದ್ರೆ ತಡಿ ಅಂತ ನೀವೇ ಏಳಿದ್ದು. ಊರೆಲ್ಲ ಕೇಳೈತೆ. ಸಾಯೇಬ್ರೂ ಊಂ ಅಂದ್ರು. ಈಗ ಲೆಟ್ಟು ಅಂತ ಬರ್ದವ್ರೆ, ನಾನು ತಡ್ದಿವ್ನಿ. ಸರ್ಕಾರದ ಮಾತ ಮೀರಕ್ಕಾಯ್ತದಾ?”

ಇದು ಆ ಲೆಟ್ ಅಲ್ಲ, ಇದು ಬೇರೆ ಲೆಟ್ ಎಂದೆ.

“ಒಂದ್ ವಾರದಾಗೆ ಮಾತು ಮಗುಚಾಕ್ಬುಡ್ತೀರಲ್ಲ ಮೇಷ್ಟ್ರೇ! ಮಕ್ಳಿಗೂ ಇಂಗೇಯಾ ಪಾಠ ಏಳಿದ್ದು?”

ಸುತ್ತಲೂ ನಿಂತವರು ನಕ್ಕರು. ಮೂವತ್ತು ವರ್ಷ ಪಾಠ ಹೇಳಿದವನಿಗೆ, ಪಾಠ ಇಷ್ಟು ಚೆನ್ನಾಗಿ ಅರ್ಥಮಾಡಿಕೊಂಡ ಶಿಷ್ಯ ಅದೇ ಮೊದಲು ಸಿಕ್ಕಿದ್ದನು ಎಂಬ ಹೆಮ್ಮೆ ಪಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ಕೆಂಪಸಿದ್ದಯ್ಯ ಎರಡು ಚೀಟಿಗಳನ್ನೂ ಎರಡು ಕೈಯಲ್ಲಿ ಹಿಡಿದು, ಯಾವುದು ಬಿಡುವುದು ಯಾವುದು ತಡೆಯುವುದು ಎಂದು ನನ್ನ ಮುಖ ನೋಡುತ್ತಿದ್ದನು. ಎರಡರಲ್ಲೂ ತಾವೇ ಇದ್ದಿರಿ, ಒಂದೇ ಮುಖ ಹೊತ್ತು, ಏನೂ ಅರಿಯದವರಂತೆ. ದೇವಿರಮ್ಮ ಗದ್ದೆಯ ಕಡೆ ನಡೆದುಹೋದಳು. ಆ ಬೆನ್ನನ್ನು ನೋಡಿದ ಮೇಲೆ ನನಗೆ ಮನೆಗೆ ಹೋಗಿ ಊಟಕ್ಕೆ ಕೂರುವ ಮುಖವಿರಲಿಲ್ಲ.

ಮಳವಳ್ಳಿಯ ಬಸ್ಸು ಹತ್ತಿದೆ. ಬಸ್ಸಿನಲ್ಲಿ ಮೇಕೆಗಳಿಗೂ ನನಗೂ ಸಮಾನ ಸ್ಥಾನ ದೊರೆಯಿತು. ಪ್ರವಾಸಿ ಬಂಗಲೆಯಲ್ಲಿ ಇಂಜಿನಿಯರು ಊಟಕ್ಕೆ ಕುಳಿತಿದ್ದರು. ಸಂಗತಿ ಕೇಳಿ ಈ ಸಲ ನಗಲಿಲ್ಲ. “ಸಾರ್, ದಯವಿಟ್ಟು ಈ ಪದದ ಸಹವಾಸ ನಮಗಿಬ್ಬರಿಗೂ ಬೇಡ,” ಎಂದು ಎಡಗೈಯಿಂದಲೇ ಕಾಗದ ಎಳೆದುಕೊಂಡು, ತಮ್ಮ ಸಹಾಯವೇ ಇಲ್ಲದೆ, ‘ತೂಬನ್ನು ತೆರೆಯತಕ್ಕದ್ದು’ ಎಂದು ಅಚ್ಚ ಕನ್ನಡದಲ್ಲಿ ಬರೆದು ಸಹಿ ಹಾಕಿದರು. ಹೆಬ್ಬೆರಳು ತಗುಲಿದಲ್ಲಿ ಸಾರಿನ ಗುರುತೂ ಬಿತ್ತು. ನನಗಂತೂ ಅದು ರಾಜಮುದ್ರೆಯಂತೆ ಕಂಡಿತು.

ಸಂಜೆಗೆ ಹಿಂತಿರುಗಿ, ಕಾಗದವನ್ನು ಎತ್ತಿ ಹಿಡಿದುಕೊಂಡು ತೂಬಿನ ಬಳಿ ಹೋದರೆ ನನ್ನ ಕಡೆ ಯಾರೂ ತಿರುಗಿ ನೋಡಲಿಲ್ಲ. ದೇವಿರಮ್ಮ ಮೈದುನನ ಎದುರು ನಿಂತಿದ್ದಳು. ಭಾಗವಾದ ಮೇಲೆ ಅವರಿಬ್ಬರೂ ಮುಖ ನೋಡಿ ಮಾತಾಡುತ್ತಿದ್ದುದು ಅದೇ ಮೊದಲಂತೆ.

“ನಾನು ಈ ಮನೆಗೆ ಬಂದಾಗ ನಿಂಗೆ ಚಡ್ಡಿ ಆಕ್ಕೊಳಕ್ಕೂ ಬತ್ತಿರ್ನಿಲ್ಲ ಕಣ್ಲಾ ನಿಂಗ. ಅತ್ತೆಮ್ಮ ಉಸಾರಿಲ್ದೆ ಮಲ್ಗಿದ್ಲು. ನಿಂಗೆ ಉಣ್ಣಿಸ್ದೋಳು ಯಾರ್ಲಾ?”

“ಬುಡತ್ಗೆ, ಈಗ್ಯಾಕ್ ಅವೆಲ್ಲ.”

“ಬುಡು ಅಂದ್ರೆ ಬುಡ್ತೀನಿ. ನಿಮ್ಮಣ್ಣನ ಭಾಗದಾಗೆ ಬಾವಿ ನಿಂಗೋಯ್ತು, ಬುಟ್ಟೆ. ಮಾವಿನ್ ಮರ ಓಯ್ತು, ಅದ್ನೂ ಬುಟ್ಟೆ. ನಾಳೀಕೆ ಮಂಚಿ ಬಸ್ರಿ ಒಟ್ಟೆ ಒತ್ಕಂಡು ಬತ್ತಾವ್ಳೆ. ಚಿಕ್ಕಪ್ಪ ಅಂತ ನಿನ್ನ ಕಾಲ್ಗೆ ಬೀಳ್ತಾಳೆ. ಅವ್ಳ ತಟ್ಟೆಗೆ ಜೊಳ್ಳು ಬಡಿಸ್ಲೇನ್ಲಾ? ಏಳು, ನೀನೇ ಏಳು.”

ನಿಂಗಯ್ಯ ಛತ್ರಿಯನ್ನು ಮಡಿಚಿದನು. ಮತ್ತೆ ಬಿಚ್ಚಿದನು. ಬಿಸಿಲೇ ಇರಲಿಲ್ಲವಾದ್ದರಿಂದ ಮತ್ತೆ ಮಡಿಚಿದನು. ಆಮೇಲೆ ಎದ್ದು, ಕೆಂಪಸಿದ್ದಯ್ಯನನ್ನು ಕರೆಯದೆ ತಾನೇ ಪಂಚೆ ಎತ್ತಿಕಟ್ಟಿ ನೀರಿಗಿಳಿದು ಹಲಗೆ ಎತ್ತಿದನು. ಬೆಳಗಿನಿಂದ ಒತ್ತಿ ನಿಂತಿದ್ದ ನೀರು ಅವನ ಮೊಣಕಾಲಿಗೆ ಬಡಿದು ಕೆಳಗಿನ ಕಾಲುವೆಗೆ ನುಗ್ಗಿತು. ದೇವಿರಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ನಾನು ಇನ್ನೂ ಕಾಗದವನ್ನು ಎತ್ತಿ ಹಿಡಿದೇ ನಿಂತಿದ್ದೆ.

“ಅದೇನ್ ಮೇಷ್ಟ್ರೇ ಕೈನಾಗೆ, ಇನ್ನೊಂದು ಲೆಟ್ಟಾ?” ಎಂದು ನಿಂಗಯ್ಯ ದಡ ಹತ್ತುತ್ತ ಕೇಳಿದನು. “ನೀವೇ ಮಡೀಕಳಿ.”

ಮಾನ್ಯರೇ, ಭತ್ತ ಚೆನ್ನಾಗಿ ಬಂತು. ಮಂಚಮ್ಮನಿಗೆ ಹೆಣ್ಣು ಮಗುವಾಯಿತು. ತೊಟ್ಟಿಲು ಕೊಡಿಸಿದವನು ನಿಂಗಯ್ಯ. ಅತ್ತಿಗೆ ಮೈದುನರು ಈಗ ಜಗಳವಾಡುವಷ್ಟು ಅನ್ಯೋನ್ಯವಾಗಿದ್ದಾರೆ. ನಷ್ಟವಾದದ್ದು ನನ್ನೊಬ್ಬನಿಗೇ. ಮೂವತ್ತು ವರ್ಷ ಕಾಪಾಡಿಕೊಂಡು ಬಂದಿದ್ದ ‘ಇಂಗ್ಲಿಷ್ ಮೇಷ್ಟ್ರು’ ಎಂಬ ಬಿರುದು ಹೋಗಿ ‘ಲೆಟ್ ಮೇಷ್ಟ್ರು’ ಎಂಬುದು ಬಂದಿದೆ. ಸಂತೆಯಲ್ಲಿ ಬದನೆಕಾಯಿ ಎಳೆಯದೇ ಎಂದು ಕೇಳಿದರೆ, ಯಾವ ಅರ್ಥದಲ್ಲಿ ಹೇಳಲಿ ಎನ್ನುತ್ತಾರೆ. ಕಾಫಿ ಕೊಡು ಎಂದರೆ ಶ್ರೀಮತಿಯೂ ಅದನ್ನೇ ಕೇಳುತ್ತಾಳೆ.

ಆದ್ದರಿಂದ ತಮ್ಮಲ್ಲಿ ಬೇಡಿಕೆ ಇಷ್ಟೇ. ತಾವಿಬ್ಬರೂ ಯಾವುದಾದರೂ ಕೋರ್ಟಿನಲ್ಲಿ ಕ್ರಮಬದ್ಧವಾಗಿ ಭಾಗ ಮಾಡಿಕೊಂಡು, ಒಬ್ಬರು ಕಾಗುಣಿತವನ್ನಿಟ್ಟುಕೊಂಡು ಇನ್ನೊಬ್ಬರು ಉಚ್ಚಾರಣೆಯನ್ನು ತೆಗೆದುಕೊಂಡು ಬೇರೆಯಾಗಬೇಕು. ಅದಾಗದಿದ್ದರೆ ತಡೆಯುವವರು ಹಣೆಗೆ ವಿಭೂತಿಯನ್ನೂ ಬಿಡುವವರು ನಾಮವನ್ನೂ ಧರಿಸಿ ಓಡಾಡಬೇಕು, ದೂರದಿಂದಲೇ ತಿಳಿಯುವಂತೆ. ಅದೂ ಆಗದಿದ್ದರೆ ಬರುವ ಬೇಸಿಗೆಯಲ್ಲಿ ಖುದ್ದಾಗಿ ನಮ್ಮೂರಿಗೆ ದಯಮಾಡಿಸಿ, ತೂಬಿನ ಮೇಲೆ ಒಂದು ಹಗಲು ಕುಳಿತು, ತಾವು ಯಾರೆಂದು ನಿಂಗಯ್ಯನಿಗೆ ವಿವರಿಸಬೇಕು. ಛತ್ರಿ ನಾನು ಕೊಡುತ್ತೇನೆ.

ಎರಡರಲ್ಲಿ ಯಾವ ಅರ್ಥದಲ್ಲಾದರೂ ಸರಿ, ತಮ್ಮಿಂದ ಬಿಡುಗಡೆ ಬಯಸುವ,

ತಮ್ಮ ಬಹುಕಾಲದ ಹಾಗೂ ಈಗ ತುಸು ಬಳಲಿದ ವಿಶ್ವಾಸಿ,
ಯೋಗಾನರಸಿಂಹ

ತಾ. ಕ.: ಕೆಳಗಿನ ಕಾಲುವೆಯವರು ಮಂಚಮ್ಮನ ಮಗುವಿನ ನಾಮಕರಣಕ್ಕೆ ಮದ್ದೂರಿನಲ್ಲಿ ಆಹ್ವಾನ ಪತ್ರಿಕೆ ಅಚ್ಚು ಹಾಕಿಸಿ, ಪ್ರೀತಿಯಿಂದ ನನ್ನನ್ನೇ ಅಧ್ಯಕ್ಷನನ್ನಾಗಿ ಮಾಡಿದ್ದಾರೆ. ಅಚ್ಚಿನವನು ‘ಲೆಟ್ ಮೇಷ್ಟ್ರು ಯೋಗಾನರಸಿಂಹಯ್ಯನವರು’ ಎಂಬುದಕ್ಕೆ ಒಂದು ದೀರ್ಘ ಹೆಚ್ಚಾಗಿ ಕೊಟ್ಟು, ‘ಲೇಟ್ ಮೇಷ್ಟ್ರು’ ಎಂದು ಮುದ್ರಿಸಿದ್ದಾನೆ. ಈ ‘ಲೇಟ್’ ಕೂಡ ತಮ್ಮ ರಕ್ತಸಂಬಂಧಿಯೇ ಎಂದು ನಿಘಂಟು ಹೇಳುತ್ತದೆ; ನಿಧಾನ ಮಾಡುವುದೂ ತಡೆಯುವುದೂ ಆದಿಯಲ್ಲಿ ಒಂದೇ ಮನೆಯವಂತೆ. ಬೆಳಗಿನಿಂದ ಇಬ್ಬರು ಹಳೆಯ ವಿದ್ಯಾರ್ಥಿಗಳು ಹೂವಿನ ಹಾರ ಹಿಡಿದು ಬಂದು, ಬಾಗಿಲು ತೆರೆದ ನನ್ನನ್ನು ಕಂಡು ಬಹಳ ನಿರಾಶರಾಗಿ ಹೋದರು. ಹಾರಗಳನ್ನು ಮಾತ್ರ ಶ್ರೀಮತಿ ಇಸಿದುಕೊಂಡು ದೇವರ ಪಟಕ್ಕೆ ಹಾಕಿದ್ದಾಳೆ.